ಒಂದೇ ವಾರ್ಡು, ಎರಡು ಬ್ಯಾಡ್ಜು: ಅಮೆರಿಕದ ನರ್ಸ್‌ಗಳ ಏಣಿಯ ಕಥೆ

ಇವತ್ತು ಒಂದು ಕೋರ್ಸಿನ ಇತಿಹಾಸ ಹೇಳ್ತೀನಿ. ಕೋರ್ಸಿಗೆ ಎಂಥ ಇತಿಹಾಸ ಅಂತ ಸ್ಕಿಪ್ ಮಾಡಬೇಡಿ. ಇದರೊಳಗೆ ಮಹಾಯುದ್ಧ ಇದೆ, ವರ್ಣಭೇದ ಇದೆ, ಮುಷ್ಕರ ಇದೆ, ಕೊನೆಗೆ ನಕಲಿ ಸರ್ಟಿಫಿಕೇಟ್ ಹಗರಣವೂ ಇದೆ.

ಮೊದಲು ಪಾತ್ರಗಳ ಪರಿಚಯ. ಅಮೆರಿಕದ ಆಸ್ಪತ್ರೆಗಳಲ್ಲಿ ಮುಖ್ಯವಾಗಿ ಎರಡು ಥರದ ನರ್ಸ್‌ಗಳಿರ್ತಾರೆ. ಒಬ್ಬರು ರಿಜಿಸ್ಟರ್ಡ್ ನರ್ಸ್, ಅಂದರೆ ಆರ್‌ಎನ್. ಇನ್ನೊಬ್ಬರು ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್, ಅಂದರೆ ಎಲ್‌ಪಿಎನ್. ಎಲ್‌ಪಿಎನ್ ಓದು ಸುಮಾರು ಒಂದು ವರ್ಷ. ಆರ್‌ಎನ್ ಆಗೋಕೆ ಎರಡರಿಂದ ನಾಲ್ಕು ವರ್ಷ. ಬಿಪಿ ನೋಡೋದು, ಮಾತ್ರೆ ಕೊಡೋದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡೋದು, ಇದನ್ನೆಲ್ಲ ಇಬ್ಬರೂ ಮಾಡ್ತಾರೆ. ಆದರೆ ರೋಗಿ ಬಂದಾಗ ಪೂರ್ತಿ ಪರಿಶೀಲಿಸಿ, ಆರೈಕೆ ಹೇಗಿರಬೇಕು ಅಂತ ಯೋಜನೆ ಹಾಕಿ, ಅದರ ಹೊಣೆ ಹೊರೋದು ಆರ್‌ಎನ್. ಸಂಬಳದಲ್ಲೂ ಆ ವ್ಯತ್ಯಾಸ ಕಾಣುತ್ತೆ.

ಈ ಎರಡು ಮೆಟ್ಟಿಲು ಹುಟ್ಟಿದ್ದು ಹೇಗೆ? 1890ರ ದಶಕದಲ್ಲಿ ನ್ಯೂಯಾರ್ಕ್‌ನ ವೈಡಬ್ಲ್ಯುಸಿಎ ಸಂಸ್ಥೆಯ ಬ್ಯಾಲರ್ಡ್ ಶಾಲೆಯಲ್ಲಿ ಮೂರು ತಿಂಗಳ ತರಬೇತಿ ಶುರುವಾಯಿತು. ಮಕ್ಕಳು, ವೃದ್ಧರು, ಹಾಸಿಗೆ ಹಿಡಿದವರನ್ನ ಮನೆಯಲ್ಲೇ ನೋಡ್ಕೊಳ್ಳೋದು ಹೇಗೆ, ಅವರಿಗೆ ಅಡುಗೆ ಏನು ಮಾಡಬೇಕು ಅನ್ನೋದೇ ಪಾಠ. ಇತ್ತ 1903ರಲ್ಲಿ ನಾರ್ತ್ ಕೆರೊಲಿನಾ ರಾಜ್ಯ ನರ್ಸ್‌ಗಳ ನೋಂದಣಿಗೆ ದೇಶದ ಮೊದಲ ಕಾಯ್ದೆ ತಂತು. ಹೆಸರು ನೋಂದಾಯಿಸಿದವರು 'ರಿಜಿಸ್ಟರ್ಡ್' ಆದರು. 1938ರಲ್ಲಿ ನ್ಯೂಯಾರ್ಕ್ ರಾಜ್ಯ ಎರಡೂ ದರ್ಜೆಗಳನ್ನ ಕಾನೂನಿನಲ್ಲೇ ಬರೆದಿಟ್ಟಿತು. ಮೆಟ್ಟಿಲು ಎರಡಾದವು. ಕೆಳಗಿನಿಂದ ಮೇಲಕ್ಕೆ ಹತ್ತೋ ದಾರಿಯನ್ನ ಮಾತ್ರ ಯಾರೂ ಮಾಡಲಿಲ್ಲ.

ಆಮೇಲೆ ಬಂತು ಎರಡನೇ ಮಹಾಯುದ್ಧ. ನರ್ಸ್‌ಗಳು ಸೈನ್ಯಕ್ಕೆ ಹೋದರು, ಊರಿನ ಆಸ್ಪತ್ರೆಗಳು ಖಾಲಿ. 1943ರಲ್ಲಿ ಸರ್ಕಾರ ಕೆಡೆಟ್ ನರ್ಸ್ ಕೋರ್ ಅಂತ ಯೋಜನೆ ಮಾಡಿ, ಫೀಸು, ಸಮವಸ್ತ್ರ, ಖರ್ಚಿಗೆ ಕಾಸು ಎಲ್ಲ ಕೊಟ್ಟು, 36 ತಿಂಗಳ ತರಬೇತಿಯನ್ನ 30 ತಿಂಗಳಿಗೆ ಇಳಿಸಿತು. 1,20,000ಕ್ಕೂ ಹೆಚ್ಚು ಯುವತಿಯರು ಓದು ಮುಗಿಸಿದರು. ಬಣ್ಣ ನೋಡಿ ತಾರತಮ್ಯ ಮಾಡಬಾರದು ಅಂತ ಆ ಕಾಯ್ದೆಯಲ್ಲೇ ಇತ್ತು. ಸುಮಾರು 3,000 ಕಪ್ಪು ಮಹಿಳೆಯರು ಇದರಲ್ಲಿ ಓದಿದರು. ನರ್ಸಿಂಗ್ ಓದನ್ನ ಬೇಗ ಮುಗಿಸಬಹುದು ಅಂತ ಇಡೀ ದೇಶಕ್ಕೆ ಗೊತ್ತಾಗಿದ್ದು ಆಗ.

1951ರಲ್ಲಿ ಮಿಲ್‌ಡ್ರೆಡ್ ಮೊಂಟಾಗ್ ಅನ್ನೋ ಶಿಕ್ಷಣ ತಜ್ಞೆ, ಎರಡೇ ವರ್ಷದಲ್ಲಿ ನರ್ಸ್ ತಯಾರು ಮಾಡಬಹುದು ಅಂತ ಪ್ರಸ್ತಾವ ಇಟ್ಟರು. ಮುಂದಿನ ವರ್ಷ ಏಳು ಜೂನಿಯರ್ ಕಾಲೇಜು, ಒಂದು ಆಸ್ಪತ್ರೆಯಲ್ಲಿ ಪ್ರಯೋಗ ಶುರು. ಆಕೆಯ ಮನಸ್ಸಲ್ಲಿದ್ದದ್ದು 'ನರ್ಸಿಂಗ್ ಟೆಕ್ನಿಷಿಯನ್' ಅನ್ನೋ ಮಧ್ಯದ ಮೆಟ್ಟಿಲು. ಆದರೆ ಓದಿ ಹೊರಬಂದವರು ಆರ್‌ಎನ್ ಪರೀಕ್ಷೆಯನ್ನೇ ಬರೆದರು, ಪಾಸೂ ಆದರು. ಊರಿನ ಕಾಲೇಜಲ್ಲಿ, ಕಡಿಮೆ ಫೀಸಲ್ಲಿ ಆರ್‌ಎನ್ ಆಗೋ ಬಾಗಿಲು ತೆರೀತು.

ಆದರೂ ಹತ್ತು ವರ್ಷ ವಾರ್ಡಲ್ಲಿ ದುಡಿದ ಎಲ್‌ಪಿಎನ್, ಥರ್ಮಾಮೀಟರನ್ನೇ ಹಿಡಿದು ಗೊತ್ತಿಲ್ಲದ ಹುಡುಗಿಯ ಪಕ್ಕ ಕೂತು ಮೊದಲ ಪಾಠದಿಂದ ಶುರು ಮಾಡಬೇಕಿತ್ತು. ನಾನು ಓದಿದ್ದು ಬಿಕಾಂ. ನಮ್ಮ ಭಾಷೇಲಿ ಹೇಳೋದಾದರೆ, ಆಕೆಯ ಖಾತೆಯ ಆರಂಭಿಕ ಶಿಲ್ಕನ್ನ ಸೊನ್ನೆ ಅಂತ ಬರೆದುಬಿಡ್ತಿದ್ರು.

ಆ ಸೊನ್ನೆ ಎಷ್ಟು ನೋಯಿಸುತ್ತೆ ಅನ್ನೋಕೆ ಮೇರಿ ಮೌಲ್ಟ್ರಿ ಕಥೆ ಕೇಳಿ. ಕಪ್ಪು ಮಹಿಳೆ, ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ನವರು. ನ್ಯೂಯಾರ್ಕ್‌ನ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಪ್ರಾಕ್ಟಿಕಲ್ ನರ್ಸ್ ಆಗಿದ್ದವರು 1967ರಲ್ಲಿ ತಮ್ಮೂರಿಗೆ ವಾಪಸ್ ಬಂದರು. ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆ ಆ ಅರ್ಹತೆಯನ್ನ ಒಪ್ಪಲೇ ಇಲ್ಲ. ನರ್ಸ್‌ಗಳ ಸಹಾಯಕಿ ಅಂತ ಕೆಲಸಕ್ಕೆ ಸೇರಿಸಿಕೊಂಡಿತು. ಕೈ ಅದೇ, ಕಲಿತ ವಿದ್ಯೆ ಅದೇ, ಮೆಟ್ಟಿಲು ಮಾತ್ರ ಒಂದು ಕೆಳಗೆ.

1969ರ ಮಾರ್ಚಲ್ಲಿ ಅಲ್ಲಿ 12 ಜನರನ್ನ ಕೆಲಸದಿಂದ ತೆಗೆದಾಗ ಸುಮಾರು 400 ಮಂದಿ ಮುಷ್ಕರಕ್ಕಿಳಿದರು. ಬಹುಪಾಲು ಕಪ್ಪು ಮಹಿಳೆಯರು. ಗಂಟೆಗೆ 1.30 ಡಾಲರ್ ಕೂಲಿ ಪಡೀತಿದ್ದವರು. ಮೌಲ್ಟ್ರಿ ಮುಂದೆ ನಿಂತರು. ಗಂಡ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ವರ್ಷವಷ್ಟೇ ಕಳೆದಿತ್ತು, ಆದರೂ ಕೊರೆಟ್ಟಾ ಸ್ಕಾಟ್ ಕಿಂಗ್ ಬಂದು ಅವರ ಜೊತೆ ಹೆಜ್ಜೆ ಹಾಕಿದರು. ಯೂನಿಯನ್‌ಗೆ ಮಾನ್ಯತೆ ಸಿಗಲಿಲ್ಲ. ಕೂಲಿ ಹೆಚ್ಚಾಯಿತು, ತೆಗೆದವರಿಗೆ ಕೆಲಸ ವಾಪಸ್ ಸಿಕ್ಕಿತು.

ಈ ಮುಷ್ಕರಕ್ಕೆ ಬೆನ್ನೆಲುಬಾಗಿದ್ದು ನ್ಯೂಯಾರ್ಕ್‌ನ 1199 ಅನ್ನೋ ಆಸ್ಪತ್ರೆ ನೌಕರರ ಯೂನಿಯನ್. ಅದೇ 1969ರಲ್ಲಿ ಅದು ನೌಕರರ ಓದಿಗೆ ಅಂತಲೇ ಒಂದು ನಿಧಿ ಮಾಡಿಸಿಕೊಂಡಿತು. ಹಣ ಹಾಕಬೇಕಾದ್ದು ಆಸ್ಪತ್ರೆಗಳು. 1970ರ ದಶಕದಲ್ಲಿ ಕಾಲೇಜುಗಳೂ ಬದಲಾದವು. ಗೊತ್ತಿರೋ ವಿಷಯಕ್ಕೆ ಪರೀಕ್ಷೆ ಕೊಟ್ಟು ಕ್ರೆಡಿಟ್ ತಗೋ, ಮೊದಲ ಹಂತ ಬಿಟ್ಟು ಮುಂದಿನದಕ್ಕೆ ಬಾ ಅನ್ನೋ ಪದ್ಧತಿ ಹರಡಿತು. ಇದೇ ಎಲ್‌ಪಿಎನ್‌ನಿಂದ ಆರ್‌ಎನ್‌ಗೆ ಬ್ರಿಡ್ಜ್ ಕೋರ್ಸ್. ಮಧ್ಯೆ ಒಂದು ಸೇತುವೆ ಪಾಠ, ಆಮೇಲೆ ಆರ್‌ಎನ್ ಓದಿನ ಉಳಿದ ಭಾಗ. ಹೆಚ್ಚುಕಡಿಮೆ ಒಂದು, ಒಂದೂವರೆ ವರ್ಷದಲ್ಲಿ ಮುಗಿಯುತ್ತೆ. ನ್ಯೂಯಾರ್ಕ್ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತರಗತಿಯೇ ಇಲ್ಲದ ಡಿಗ್ರಿ ತಂತು. ಆದರೆ ಕೊನೆಗೆ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳ ಮುಂದೆ ಇಡೀ ವಾರಾಂತ್ಯ ಪ್ರಾಯೋಗಿಕ ಪರೀಕ್ಷೆ ಕೊಡಬೇಕಿತ್ತು.

ಬೇಗ ಆಗೋ ದಾರಿ ಅಂದ ಮೇಲೆ ಕಳ್ಳದಾರಿಯೂ ಹುಟ್ಟುತ್ತೆ. 2023ರ ಜನವರಿಯಲ್ಲಿ ಫ್ಲೋರಿಡಾದ ಮೂರು ನರ್ಸಿಂಗ್ ಶಾಲೆಗಳ ಹೆಸರಲ್ಲಿ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮಾರಾಟವಾಗಿದ್ದು ಬಯಲಾಯಿತು. ಕೊಂಡವರಲ್ಲಿ ಆರ್‌ಎನ್ ಆಗಬೇಕಂತಿದ್ದ ಎಲ್‌ಪಿಎನ್‌ಗಳೂ ಇದ್ದರು. ಅದಕ್ಕಿಂತ ತಲೆ ಕೆಡಿಸೋ ಸಂಗತಿ ಅಂದರೆ, ಆ ನಕಲಿ ಕಾಗದ ಹಿಡಿದು ಹೋದವರಲ್ಲಿ ಸುಮಾರು 2,400 ಮಂದಿ ಲೈಸೆನ್ಸ್ ಪರೀಕ್ಷೆ ಪಾಸಾಗಿದ್ದರು.

ಹಾಗಾದರೆ ಓದು ಯಾಕೆ ಬೇಕು, ಪರೀಕ್ಷೆ ಸಾಕಲ್ವಾ ಅಂತ ನೀವು ಕೇಳಬಹುದು. ನನಗನ್ನಿಸೋದು ಇಷ್ಟು. ಪರೀಕ್ಷೆ ಕಂಪ್ಯೂಟರ್ ಮುಂದೆ ನಡೆಯುತ್ತೆ. ರಾತ್ರಿ ಮೂರು ಗಂಟೆಗೆ ರೋಗಿಯ ಉಸಿರಾಟ ಬದಲಾಗಿದ್ದನ್ನ ಗಮನಿಸೋ ಕಣ್ಣು ವಾರ್ಡಲ್ಲಿ, ಹಿರಿಯರ ಕೈಕೆಳಗೆ ಬರಬೇಕು. ಗೊತ್ತಿರೋದನ್ನ ಮತ್ತೆ ಕಲಿಸೋ ಸಮಯ ಉಳಿಸಿದರೆ ನ್ಯಾಯ. ಗೊತ್ತಿಲ್ಲದ್ದನ್ನ ಕಲಿಸದೇ ಸಮಯ ಉಳಿಸಿದರೆ ಅದರ ಬೆಲೆ ಕಟ್ಟೋದು ಹಾಸಿಗೆ ಮೇಲಿರೋ ಮನುಷ್ಯ.

ನಮ್ಮಲ್ಲೂ ಇಂಥ ಏಣಿ ಇದೆ. ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ. ಅಮೆರಿಕಕ್ಕೆ ಹೋಗಬೇಕು ಅನ್ನೋ ನರ್ಸ್‌ಗಳು ಅಲ್ಲಿನ ಆರ್‌ಎನ್ ಪರೀಕ್ಷೆಯನ್ನ ಬೆಂಗಳೂರಲ್ಲೇ ಕೂತು ಬರೀತಾರೆ. ನಿಮ್ಮ ಮನೇಲೋ ಪಕ್ಕದ ಮನೇಲೋ ಇಂಥ ಸಿಸ್ಟರ್ ಇದ್ದರೆ ಒಂದು ಮಾತು ಕೇಳಿ: ಮುಂದಿನ ಕೋರ್ಸಿಗೆ ಸೇರಿದಾಗ, ಇಷ್ಟು ವರ್ಷದ ಕೆಲಸಕ್ಕೆ ಎಷ್ಟು ಲೆಕ್ಕ ಸಿಕ್ಕಿತು? ಉತ್ತರವನ್ನ ನನಗೆ ವಾಯ್ಸ್ ನೋಟಲ್ಲಿ ಕಳಿಸಿ, ಮುಂದಿನ ಎಪಿಸೋಡಲ್ಲಿ ಕೇಳೋಣ.