ಮರ ಎಳೆದ ಜಾಡು

ಕಾಡಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕೊಡಲಿಯ ಕಥೆಯನ್ನು ಹೇಳುತ್ತಾರೆ. ಎಷ್ಟು ಮರ ಉರುಳಿತು, ಯಾರ ಅಪ್ಪಣೆಯಿಂದ ಉರುಳಿತು, ಯಾವ ಹಡಗಿಗೆ, ಯಾವ ರೈಲುದಾರಿಗೆ ಹೋಯಿತು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಉರುಳಿದ ಮರ ಬಿದ್ದ ಜಾಗದಿಂದ ಹೊರಕ್ಕೆ ಬಂದದ್ದು ಹೇಗೆ, ಬರುವಾಗ ನೆಲಕ್ಕೆ ಏನಾಯಿತು ಎಂದು ಕೇಳಿದವರು ಕಡಿಮೆ. ಕಡಿದ ಮರದ ಬೊಡ್ಡೆ ಕಣ್ಣಿಗೆ ಬೀಳುತ್ತದೆ. ತುಳಿತಕ್ಕೆ ಸಿಕ್ಕ ಮಣ್ಣು ಬೀಳುವುದಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಆ ಕಾಣದ ಕಥೆಯನ್ನು.

ಯಂತ್ರ ಬರುವ ಮೊದಲು ಮರ ಸಾಗಿಸುವವನು ಋತುವಿನ ಅಡಿಯಾಳಾಗಿದ್ದನು. ಸ್ವೀಡನ್, ಫಿನ್ಲೆಂಡ್, ಅಮೆರಿಕದ ಮೇನ್ ಮುಂತಾದ ಹಿಮದ ನಾಡುಗಳಲ್ಲಿ ಮರ ಕಡಿಯುವುದು ಚಳಿಗಾಲದ ಕಸುಬು. ನೆಲ ಹೆಪ್ಪುಗಟ್ಟಿ ಕಲ್ಲಾದ ಮೇಲೆ, ರಾತ್ರಿ ದಾರಿಗೆ ನೀರು ಚಿಮುಕಿಸಿ ಮಂಜುಗಡ್ಡೆಯ ಹಾಸು ಮಾಡಿ, ಗಾಲಿಯಿಲ್ಲದ ಜಾರುಬಂಡಿಗಳಲ್ಲಿ ಕುದುರೆಗಳಿಂದ ದಿಮ್ಮಿ ಎಳೆಸುತ್ತಿದ್ದರು. ವಸಂತದಲ್ಲಿ ಹಿಮ ಕರಗಿ ಹೊಳೆ ತುಂಬಿದರೆ ಅಲ್ಲಿಂದ ಮುಂದಿನದು ನೀರಿನ ಕೆಲಸ. ನಮ್ಮ ಕಡೆ ಋತು ಬೇರೆ, ನಿಯಮ ಅದೇ. ಮಲೆನಾಡಿನಲ್ಲಿ ಮಳೆ ಹಿಂದೆಗೆದು ನೆಲ ಒಣಗಿದ ಮೇಲೆ ಆನೆ, ಎತ್ತುಗಳು ಕಾಡಿಗಿಳಿಯುತ್ತಿದ್ದವು. ಉತ್ತರ ಕನ್ನಡದ ಸಾಗುವಾನಿಯನ್ನು ಕಾಳೀನದಿ ಕಡಲ ಕಡೆಗೆ ಹೊತ್ತುಕೊಂಡು ಹೋಗುತ್ತಿತ್ತು. ಆನೆಯ ಕಾಲೇನೂ ಹೂವಲ್ಲ, ಎಳೆದ ದಿಮ್ಮಿ ನೆಲವನ್ನು ಗೀರದೆ ಬಿಡುವುದೂ ಇಲ್ಲ. ಆದರೆ ದಿನವೊಂದಕ್ಕೆ ಸಾಗುವ ದಿಮ್ಮಿಗಳು ಬೆರಳೆಣಿಕೆಯವು. ಮಳೆ ಹಿಡಿದರೆ ಕೆಲಸ ತಾನಾಗಿ ನಿಲ್ಲುತ್ತಿತ್ತು.

ನಮ್ಮ ರೈತನ ಬಾಯಲ್ಲಿ ಇದಕ್ಕೆ ಒಂದು ಪುಟ್ಟ ಮಾತಿದೆ: ಹದ. ಹಸಿ ಹೆಚ್ಚಿದ್ದಾಗ ಉತ್ತರೆ ನೆಲ ಹೆಂಟೆ ಕಟ್ಟುತ್ತದೆ ಎಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಅಡುಗೆಗೂ ಲೋಹಕ್ಕೂ ಮಣ್ಣಿಗೂ ಒಂದೇ ಶಬ್ದವನ್ನು ಬಳಸುವ ಭಾಷೆಯನ್ನು ಆಡುವ ನಮಗೆ ಮುಂದಿನ ಕಥೆಯ ತಿರುಳು ಬೇಗ ತಿಳಿಯಬೇಕು.

ಯಂತ್ರ ಮೊದಲು ಮಾಡಿದ್ದು ಈ ಕಾಯುವಿಕೆಯನ್ನು ಕಳೆದದ್ದು. 1881ರಲ್ಲಿ ಕ್ಯಾಲಿಫೋರ್ನಿಯದ ಜಾನ್ ಡಾಲ್ಬಿಯರ್ ಎಂಬಾತ ಹಗ್ಗದಿಂದ ದಿಮ್ಮಿ ಎಳೆಯುವ ಉಗಿಯಂತ್ರವನ್ನು ಹೂಡಿದ. ಮೇನ್ ಪ್ರಾಂತದ ಆಲ್ವಿನ್ ಲೊಂಬಾರ್ಡ್ 1901ರಲ್ಲಿ ಹಕ್ಕುಪತ್ರ ಪಡೆದ ಯಂತ್ರಕ್ಕೆ ಮುಂದೆ ಜಾರುಪಟ್ಟಿ, ಹಿಂದೆ ಉಕ್ಕಿನ ಸರಪಳಿ ಪಟ್ಟೆ. ಅದಿನ್ನೂ ಮಂಜುಗಡ್ಡೆಯ ದಾರಿಗೆ ಒಗ್ಗಿದ ಪ್ರಾಣಿ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವವನು ಬೆಂಜಮಿನ್ ಹೋಲ್ಟ್. ಕ್ಯಾಲಿಫೋರ್ನಿಯದ ಸ್ಟಾಕ್ಟನ್ ಬಳಿಯ ನದೀಮುಖದ ಮೆದುನೆಲದಲ್ಲಿ ಉಗಿಯಂತ್ರಗಳ ಗಾಲಿ ಹೂತುಹೋಗುತ್ತಿದ್ದವು. ಗಾಲಿಯನ್ನು ಎಷ್ಟು ಅಗಲ ಮಾಡಿದರೂ ಸಾಲದೆ, 1904ರಲ್ಲಿ ಆತ ಗಾಲಿಯನ್ನೇ ತೆಗೆದು ಸರಪಳಿ ಪಟ್ಟೆಯನ್ನು ಜೋಡಿಸಿದ. ಮೊದಲ ಮಹಾಯುದ್ಧದಲ್ಲಿ ಆತನ ಯಂತ್ರಗಳು ಫಿರಂಗಿಗಳನ್ನು ಎಳೆದವು. ಆಮೇಲೆ ಅದೇ ಜಾತಿಯ ಯಂತ್ರಗಳು ಜಗತ್ತಿನ ಕಾಡುಗಳಿಗೆಲ್ಲ ನುಗ್ಗಿದವು. ಮೆದುನೆಲದಲ್ಲಿ ಹೂಳದಿರಲೆಂದು ಹುಟ್ಟಿದ ಉಪಾಯವೇ ಮೆದುನೆಲ ಗಟ್ಟಿಯಾಗುವವರೆಗೆ ಕಾಯುವ ಅಗತ್ಯವನ್ನು ಇಲ್ಲವಾಗಿಸಿತು. 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ದಿಮ್ಮಿಯನ್ನು ಎಳೆಯದೆ ಬೆನ್ನಮೇಲೆ ಹೇರಿಕೊಂಡು ಬರುವ ಯಂತ್ರ ಬಂತು. ಈಗಿನ ದೊಡ್ಡವು ಹೊರೆಸಮೇತ 30 ಟನ್ನು ಮೀರುವುದುಂಟು.

ಒಳ್ಳೆಯ ಕಾಡುಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಮಣ್ಣೇ ಅಲ್ಲ, ಬರಿಯ ಸಂದು. ಎರೆಹುಳು ಕೊರೆದ ಬಿಲ, ಸತ್ತ ಬೇರು ಬಿಟ್ಟುಹೋದ ಕೊಳವೆ, ಕಣಗಳ ನಡುವಿನ ಬಿಡುವು. ದೊಡ್ಡ ಸಂದುಗಳಲ್ಲಿ ಗಾಳಿ ಓಡಾಡುತ್ತದೆ, ಮಳೆಯ ನೀರು ಇಳಿಯುತ್ತದೆ. ಭಾರ ಬಿದ್ದಾಗ ಮೊದಲು ಕುಸಿಯುವುದು ಇವೇ. ಮಣ್ಣು ಹಸಿಯಾಗಿದ್ದರೆ ಕಣಗಳು ಜಾರಿ ಒಂದರೊಳಗೊಂದು ಕೂರುವುದು ಇನ್ನೂ ಸುಲಭ. ಯಂತ್ರ ನೂರು ಸಲ ಓಡಬೇಕಾಗಿಲ್ಲ. ಕೆಡುಕಿನ ಹೆಚ್ಚಿನ ಪಾಲು ಮೊದಲ ಕೆಲವೇ ಓಟಗಳಲ್ಲಿ ಆಗಿಹೋಗುತ್ತದೆ. ಅಗಲವಾದ ಪಟ್ಟೆಯಿಂದ ಮೇಲ್ಮಣ್ಣಿನ ಮೇಲಿನ ಒತ್ತಡ ಇಳಿಯುವುದು ನಿಜ. ಆದರೆ ಒಟ್ಟು ತೂಕ ಹೆಚ್ಚಿದಷ್ಟೂ ಒತ್ತಡ ಆಳಕ್ಕೆ ಹೋಗುತ್ತದೆ, ಮತ್ತು ಆಳದಲ್ಲಿ ಗಟ್ಟಿಯಾದದ್ದನ್ನು ಸಡಿಲಿಸುವ ಹುಳವೂ ಬೇರೂ ಕಡಿಮೆ. ತಯಾರಕರು ಪಟ್ಟೆಯ ಅಗಲವನ್ನು ಹಾಡಿ ಹೊಗಳುವಾಗ ಈ ಮಾತನ್ನು ನುಂಗಿಕೊಳ್ಳುತ್ತಾರೆ.

ಬೋರ್ನಿಯೋ ದ್ವೀಪದ ಸಾಬಾದಲ್ಲಿ ಬುಲ್ಡೋಜರು ನಡೆದ ಜಾಡುಗಳನ್ನು ಹದಿನೆಂಟು ವರ್ಷಗಳ ಮೇಲೆ ಪರೀಕ್ಷಿಸಿದಾಗಲೂ ಪಕ್ಕದ ಕಾಡಿನಷ್ಟು ಎಳೆಮರಗಳು ಅಲ್ಲಿ ಎದ್ದಿರಲಿಲ್ಲ. ಸ್ವಿಟ್ಜರ್ಲೆಂಡಿನ ಎರಡು ಕಾಡುಗಳಲ್ಲಿ ಬೇಕೆಂದೇ ಯಂತ್ರ ಓಡಿಸಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ನಾಲ್ಕು ವರ್ಷ ಗಮನಿಸಿದ ಸಂಶೋಧನೆ 2014ರಲ್ಲಿ ಪ್ರಕಟವಾಯಿತು. ಮರದ ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಗಳು ಅಲ್ಲಿ ತಗ್ಗಿದವು, ಗಾಳಿಯಿಲ್ಲದೆ ಬದುಕುವ ಜೀವಿಗಳು ಹೆಚ್ಚಿದವು. ಹಿಮದ ನಾಡಿನಲ್ಲಿ ನೀರು ಹೆಪ್ಪುಗಟ್ಟಿ ಕರಗುವಾಗ ಮಣ್ಣು ಅಷ್ಟಿಷ್ಟು ಸಡಿಲವಾಗುತ್ತದೆ. ಉಷ್ಣವಲಯದ ಬಯಲಿಗೂ ತಪ್ಪಲಿಗೂ ಆ ಸಹಾಯ ಇಲ್ಲ.

1999ರ ಡಿಸೆಂಬರ್ 26ರಂದು ಲೋಥಾರ್ ಎಂಬ ಬಿರುಗಾಳಿ ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡುಗಳ ಕಾಡುಗಳನ್ನು ಕೆಡವಿತು. ಬಿದ್ದ ಮರಕ್ಕೆ ತೊಗಟೆಹುಳು ಹತ್ತುವ ಮುನ್ನ ಸಾಗಿಸುವ ಅವಸರದಲ್ಲಿ ನೆಲದ ಹದ ನೋಡುವ ವ್ಯವಧಾನ ಎಲ್ಲರಿಗೂ ಇರಲಿಲ್ಲ. ಜರ್ಮನಿಯಲ್ಲಿ ಇಪ್ಪತ್ತು, ನಲವತ್ತು ಮೀಟರಿಗೊಂದು ಜಾಡನ್ನು ಗೊತ್ತುಮಾಡಿ ಯಂತ್ರ ಅದನ್ನು ಬಿಟ್ಟು ಕದಲಬಾರದೆಂಬ ಕಟ್ಟುಪಾಡು ಬಲವಾಗಿರುವುದು ಕಾರಣವಿಲ್ಲದೆ ಅಲ್ಲ. ಕಾಡಿನ ಒಂದು ಪಾಲನ್ನು ತುಳಿತಕ್ಕೆಂದೇ ಬಿಟ್ಟುಕೊಟ್ಟು ಉಳಿದುದನ್ನು ಕಾಯುವ ಲೆಕ್ಕ ಅದು. ಉದಾರವಾದದ್ದೆಂದು ಹೇಳಲಾರೆ, ಪ್ರಾಮಾಣಿಕವಾದದ್ದು.

ಈಗ ಉತ್ತರದ ನಾಡುಗಳಲ್ಲಿ ಚಳಿಗಾಲವೇ ಕುಗ್ಗುತ್ತಿದೆ. ಕಲ್ಲಾಗಬೇಕಾದ ನೆಲ ಜನವರಿಯಲ್ಲೂ ಕೆಸರಾಗಿರುವ ವರ್ಷಗಳು ಬರುತ್ತಿವೆ. ಅಂಥಲ್ಲಿ ಮರ ಕಡಿಯುವ ಯಂತ್ರ ಕೊಂಬೆರೆಂಬೆಗಳನ್ನು ಸವರಿ ತನ್ನ ಮುಂದೆಯೇ ಹಾಸಿಕೊಳ್ಳುತ್ತದೆ. ಹಿಂದಿನಿಂದ ಬರುವ ಹೊರೆಯ ಯಂತ್ರ ಆ ಸೊಪ್ಪಿನ ಹಾಸಿನ ಮೇಲೆ ಮೆಲ್ಲಗೆ ಹಾದುಹೋಗುತ್ತದೆ.