ಮಿದುಳಿನ ಸರೇಸೂ ಲುಗಾರೊವಿನ ಊಹೆಯೂ

ಇಟ್ಟ ಹೆಸರಿನ ದೆಸೆಯಿಂದಲೇ ಬಹುಕಾಲ ಅನಾದರಕ್ಕೆ ಗುರಿಯಾದ ವಸ್ತುಗಳು ವಿಜ್ಞಾನದ ಚರಿತ್ರೆಯಲ್ಲಿ ಕೆಲವುಂಟು. ಮಿದುಳಿನಲ್ಲಿ ನರಕೋಶಗಳ ನಡುವಣ ಎಡೆಯನ್ನು ತುಂಬಿರುವ ಪದಾರ್ಥಕ್ಕೆ ಜರ್ಮನಿಯ ರೂಡಾಲ್ಫ್ ವಿರ್ಕೋ ಪಂಡಿತನು 1856ರಲ್ಲಿ 'ನ್ಯೂರೋಗ್ಲಿಯಾ' ಎಂದು ಹೆಸರಿಟ್ಟನು. ನರಗಳನ್ನು ಅಂಟಿಸಿ ಹಿಡಿಯುವ ಸರೇಸು ಎಂದು ಅದರ ಅರ್ಥ. ಬಡಗಿಯು ಹಲಗೆಗೆ ಹಲಗೆಯನ್ನು ಕೂಡಿಸಿದ ಮೇಲೆ ನಡುವಣ ಸರೇಸನ್ನು ನೋಡುವವರಾರು? ವಿದ್ವಾಂಸರ ದೃಷ್ಟಿಯೆಲ್ಲವೂ ನರಕೋಶಗಳ ಮೇಲೆಯೇ ನಿಂತಿತು.

1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿಯು ಬೆಳ್ಳಿಯ ಲವಣದಿಂದ ಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ಕ್ರಮವನ್ನು ಪ್ರಕಟಿಸಿದನು. ಆ ಬಳಿಕ ಈ ಸರೇಸಿನೊಳಗೆ ನಕ್ಷತ್ರಗಳಂತೆ ಸುತ್ತಲೂ ಕೈಚಾಚಿದ ಕೋಶಗಳಿರುವುವೆಂಬುದೂ, ಆ ಕೈಗಳಲ್ಲಿ ಕೆಲವು ರಕ್ತನಾಳಗಳನ್ನು ಮುಟ್ಟಿರುವುವೆಂಬುದೂ ಗೊತ್ತಾಯಿತು. ಇವಕ್ಕೆ ಮುಂದೆ ಆಸ್ಟ್ರೊಸೈಟ್, ಎಂದರೆ ತಾರಾಕೋಶ, ಎಂಬ ಹೆಸರು ಬಂದಿತು. ಇವು ರಕ್ತದಿಂದ ನರಕೋಶಗಳಿಗೆ ಆಹಾರವನ್ನು ಒಯ್ಯುವುವೆಂದು ಗಾಲ್ಜಿ ಬಗೆದನು.

ಪಲೆರ್ಮೊ ನಗರದಲ್ಲಿ ಹುಟ್ಟಿ ಮನೋರೋಗಗಳ ವೈದ್ಯನಾಗಿದ್ದ ಎರ್ನೆಸ್ಟೊ ಲುಗಾರೊ 1907ರಲ್ಲಿ ಬೇರೊಂದು ಮಾತನ್ನು ಮುಂದಿಟ್ಟನು. ಒಂದು ನರದ ತುದಿಯು ಇನ್ನೊಂದು ನರಕೋಶವನ್ನು ಸಂಧಿಸುವೆಡೆಯಲ್ಲಿ ಯಾವುದೋ ರಾಸಾಯನಿಕ ವಸ್ತು ಹೊರಬಿದ್ದು ಪ್ರೇರಣೆಯನ್ನುಂಟುಮಾಡುವುದಾದರೆ, ಆ ವಸ್ತು ಅಲ್ಲಿಯೇ ನಿಲ್ಲಬಾರದು. ಸಂಧಿಯೊಳಕ್ಕೆ ನುಸುಳಿರುವ ತಾರಾಕೋಶದ ಕೈಗಳು ಅದನ್ನು ಹೀರಿಕೊಳ್ಳುತ್ತಲೋ ಒಡೆದುಹಾಕುತ್ತಲೋ ಇರಬೇಕು ಎಂಬುದೇ ಅವನ ಊಹೆ. ನರದಿಂದ ನರಕ್ಕೆ ಸುದ್ದಿಯು ರಸಾಯನದ ಮೂಲಕ ಸಾಗುವುದೆಂದು ಆಗ ಒಬ್ಬಿಬ್ಬರು ಶಂಕಿಸಿದ್ದರೇ ಹೊರತು ಸಿದ್ಧಪಡಿಸಿದವರಿರಲಿಲ್ಲ. ಹೂಡಲಾಗುವುದೆಂದೇ ಗೊತ್ತಿಲ್ಲದ ಸಂತೆ ಮುಗಿದ ಮೇಲೆ ಬಯಲನ್ನು ಗುಡಿಸುವವರಾರೆಂದು ಕೇಳಿದಂತಾಯಿತು!

ಆಟೋ ಲೋವಿಯು ಕಪ್ಪೆಯ ಹೃದಯದಲ್ಲಿ ನಡೆಸಿದ ಪ್ರಯೋಗದಿಂದ ರಾಸಾಯನಿಕ ವಾರ್ತಾವಾಹಕಗಳಿರುವುದು ಸ್ಥಿರವಾದುದು 1921ರಲ್ಲಿ. ಆದರೆ ಇದೇ ಪ್ರಯೋಗದ ಮುಂದುವರಿಕೆ ವಿದ್ವಾಂಸರನ್ನು ಒಂದು ಬಗೆಯಲ್ಲಿ ದಾರಿತಪ್ಪಿಸಿತು. ಹೃದಯದ ಆ ವಸ್ತುವನ್ನು ಕ್ಷಣಮಾತ್ರದಲ್ಲಿ ಒಡೆಯುವ ಕಿಣ್ವವೊಂದಿರುವುದೆಂದು 1926ರಲ್ಲಿ ತಿಳಿದುಬಂದುದರಿಂದ, ಪ್ರತಿಯೊಂದು ವಾರ್ತಾವಾಹಕಕ್ಕೂ ಅಂಥದೊಂದು ಕಿಣ್ವವಿರಲೇಬೇಕೆಂಬ ನಂಬಿಕೆ ಬೇರೂರಿತು.

ಈ ನಂಬಿಕೆಯಿಂದ ಪೆಟ್ಟು ತಿಂದುದು ಗ್ಲುಟಮೇಟ್. ಟೋಕಿಯೊವಿನ ಕಿಕುನೆ ಇಕೆಡ 1908ರಲ್ಲಿ ಕಡಲ ಪಾಚಿಯ ಸಾರಿನಿಂದ ಬೇರ್ಪಡಿಸಿದ ರುಚಿದ್ರವ್ಯವೂ ಇದೇ. ಇಂದು ಅಡುಗೆಮನೆಗಳಲ್ಲಿ ಅದರ ಉಪ್ಪು ಬಿಳಿಯ ಹರಳಾಗಿ ದೊರೆಯುತ್ತದೆ. 1959ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಕರ್ಟಿಸ್, ಫಿಲಿಸ್, ವಾಟ್ಕಿನ್ಸ್ ಎಂಬ ಮೂವರು ಇದನ್ನು ಬೆಕ್ಕಿನ ಬೆನ್ನುಹುರಿಯ ನರಕೋಶಗಳಿಗೆ ತಾಗಿಸಿದಾಗ ಅವು ಬಲವಾಗಿ ಉದ್ರೇಕಗೊಂಡುವು. ಆದರೂ ಇದನ್ನು ವಾರ್ತಾವಾಹಕವೆನ್ನಲು ಅವರು ಒಪ್ಪಲಿಲ್ಲ. ಎಲ್ಲ ಕೋಶಗಳನ್ನೂ ಇದು ಉದ್ರೇಕಿಸುವುದೆಂಬುದೊಂದು ಕಾರಣ. ಒಡೆಯುವ ಕಿಣ್ವವು ಕಾಣಸಿಗದೆಂಬುದು ಇನ್ನೊಂದು. ಕಿಣ್ವವು ಸಂಧಿಯಲ್ಲಿ ನಿಜವಾಗಿಯೂ ಇಲ್ಲ. ಅವರು ನೋಡಿದುದು ಸರಿ. ಅದರಿಂದ ಹೊರಟ ತೀರ್ಮಾನ ಮಾತ್ರ ನಿಲ್ಲಲಿಲ್ಲ.

ಇತ್ತ ಈ ರುಚಿದ್ರವ್ಯದ ಇನ್ನೊಂದು ಮುಖವೂ ಕಂಡಿತು. ಹೆಚ್ಚು ಗ್ಲುಟಮೇಟ್ ಕೊಟ್ಟರೆ ಎಳೆಯ ಇಲಿಗಳ ಕಣ್ಣಿನ ಒಳಪೊರೆ ಹಾಳಾಗುವುದೆಂದು 1957ರಲ್ಲಿಯೂ, ಮಿದುಳಿನ ನರಕೋಶಗಳೇ ಸಾಯುವುವೆಂದು ಜಾನ್ ಓಲ್ನಿಯಿಂದ 1969ರಲ್ಲಿಯೂ ತಿಳಿಯಿತು. ಅತಿಯಾದ ಉದ್ರೇಕವೇ ಇಲ್ಲಿ ವಿಷ. ಇಂಥ ವಸ್ತು ಮಿದುಳಿನ ಕೋಶಗಳೊಳಗೆ ಹೊರಗಿರುವುದಕ್ಕಿಂತ ಸಾವಿರಾರು ಪಾಲು ಹೆಚ್ಚಾಗಿ ತುಂಬಿದೆ! ಸಂಧಿಯಲ್ಲಿ ಅದನ್ನು ಒಡೆಯುವವರಿಲ್ಲವೆಂದ ಮೇಲೆ ಎತ್ತಿಕೊಂಡು ಹೋಗುವವರಿರಲೇಬೇಕು. ಗ್ಲುಟಮೇಟನ್ನು ನಿರಪಾಯವಾದ ಗ್ಲುಟಮೀನ್ ಆಗಿ ಮಾರ್ಪಡಿಸುವ ಕಿಣ್ವವು ನರಕೋಶಗಳಲ್ಲಲ್ಲ, ತಾರಾಕೋಶಗಳೊಳಗಿದೆಯೆಂದು 1977ರಲ್ಲಿ ಗೊತ್ತಾಯಿತು. 1992ರಲ್ಲಿ, ಕೋಶದ ಪೊರೆಯಲ್ಲಿ ನಿಂತು ಗ್ಲುಟಮೇಟನ್ನು ಒಳಕ್ಕೆ ಸೆಳೆಯುವ ವಾಹಕ ಪ್ರೋಟೀನುಗಳನ್ನು ಬೇರೆ ಬೇರೆ ಪ್ರಯೋಗಶಾಲೆಗಳು ಹೆಚ್ಚುಕಡಮೆ ಒಟ್ಟಿಗೆ ಗುರುತಿಸಿದುವು. ಅವುಗಳಲ್ಲಿ ಮುಖ್ಯವಾದುದು ಜಿಎಲ್‌ಟಿ-1. ಅದರ ನೆಲೆ ಬಹುಪಾಲು ತಾರಾಕೋಶವೇ. ನರದ ತುದಿಗಳಲ್ಲಿ ಸ್ವಲ್ಪವುಂಟು.

ಒಂದು ಗ್ಲುಟಮೇಟ್ ಕಣವನ್ನು ಒಳಕ್ಕೆ ತರುವಾಗ ಈ ವಾಹಕವು ಅದರೊಡನೆ 3 ಸೋಡಿಯಂ ಅಯಾನುಗಳನ್ನೂ 1 ಹೈಡ್ರೊಜನ್ ಅಯಾನನ್ನೂ ಬರಮಾಡಿಕೊಂಡು 1 ಪೊಟಾಸಿಯಂ ಅಯಾನನ್ನು ಹೊರಗೆ ಬಿಡುತ್ತದೆ. ಹೊರಗೆ ಹೆಚ್ಚು, ಒಳಗೆ ಕಡಮೆಯಿರುವ ಸೋಡಿಯಂ ನುಗ್ಗಿ ಬರುವ ಸೆಳೆತದಲ್ಲಿಯೇ ಗ್ಲುಟಮೇಟ್ ಏರಿಗೆ ಎದುರಾಗಿ ಸಾಗುತ್ತದೆ. ಒಳಗೆ ಗ್ಲುಟಮೀನ್ ಆದ ಮೇಲೆ ಮರಳಿ ನರಕೋಶಕ್ಕೆ ಸಲ್ಲುತ್ತದೆ. ಅಲ್ಲಿ ಪುನಃ ಗ್ಲುಟಮೇಟ್. ರಕ್ತದ ಹರಿವು ನಿಂತಿತೆಂದರೆ ಸೋಡಿಯಮನ್ನು ಹೊರಹಾಕುವ ಶಕ್ತಿಯೂ ಉಡುಗಿ, ವಾಹಕವು ಹಿಂದುಮುಂದಾಗಿ ತಾನೇ ಗ್ಲುಟಮೇಟನ್ನು ಹೊರಕ್ಕೆ ಸುರಿಯಬಲ್ಲುದು. ಪಾರ್ಶ್ವವಾಯುವಿನಲ್ಲಿ ನರಕೋಶಗಳು ಸಾಯುವುದಕ್ಕೆ ಇದೂ ಒಂದು ಕಾರಣ.

1997ರಲ್ಲಿ ಜಪಾನಿನ ತನಕ ಮತ್ತು ಅವನ ಸಂಗಡಿಗರು ಈ ವಾಹಕವಿಲ್ಲದ ಇಲಿಗಳನ್ನು ಹುಟ್ಟಿಸಿದರು. ಅವಕ್ಕೆ ತಾವಾಗಿಯೇ ಅಪಸ್ಮಾರದ ಸೆಳೆತಗಳು ಬಂದುವು; ಅನೇಕವು ಎಳೆಯ ವಯಸ್ಸಿನಲ್ಲಿಯೇ ಸತ್ತುವು. ಲುಗಾರೊವಿನ ಊಹೆಗೆ ಆಗ 90 ವರ್ಷ. ಅವನು 1940ರಲ್ಲಿಯೇ ತೀರಿಕೊಂಡಿದ್ದನು.

ಚಲನೆಯ ನರಗಳು ಕ್ರಮವಾಗಿ ನಶಿಸುವ ಎಎಲ್‌ಎಸ್ ರೋಗದಿಂದ ಮಡಿದವರ ಮಿದುಳು ಬೆನ್ನುಹುರಿಗಳಲ್ಲಿ ಈ ವಾಹಕವು ಕುಂದಿರುವುದನ್ನು ಅಮೆರಿಕದ ರಾತ್‌ಸ್ಟೈನ್ 1995ರಲ್ಲಿ ತೋರಿಸಿದ್ದನು. ಸೆಫ್‌ಟ್ರಯಾಕ್ಸೋನ್ ಎಂಬ ಔಷಧವು ಇಲಿಗಳಲ್ಲಿ ವಾಹಕವನ್ನು ಹೆಚ್ಚಿಸುವುದೆಂದು 2005ರಲ್ಲಿ ಕಂಡುಬಂದು ರೋಗಿಗಳಲ್ಲಿ ಆಸೆ ಚಿಗುರಿತು. ಮನುಷ್ಯರ ಮೇಲೆ ನಡೆದ ಪರೀಕ್ಷೆಯ ಫಲ 2014ರಲ್ಲಿ ಪ್ರಕಟವಾಯಿತು. ಔಷಧವು ಅವರ ಆಯುಸ್ಸನ್ನು ಬೆಳೆಸಲಿಲ್ಲ.