ಮಲಿನ ನೆಲಕ್ಕೆ ಅನುದಾನ: ಅಮೆರಿಕದ ಬ್ರೌನ್‌ಫೀಲ್ಡ್ ಯೋಜನೆ ಬೆಳೆದ ಬಗೆ

ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಕಳೆದರೂ ಅದು ಬಳಸಿದ ಎಣ್ಣೆ, ಸೀಸ, ದ್ರಾವಕಗಳು ಮಣ್ಣಿನಲ್ಲೂ ಅಂತರ್ಜಲದಲ್ಲೂ ಉಳಿದುಬಿಡುತ್ತವೆ. ಹೀಗೆ ಕೆಟ್ಟ, ಅಥವಾ ಕೆಟ್ಟಿರಬಹುದೆಂಬ ಅನುಮಾನಕ್ಕೇ ಪಾಳುಬಿದ್ದ ಜಾಗಗಳನ್ನು ಅಮೆರಿಕದಲ್ಲಿ ಬ್ರೌನ್‌ಫೀಲ್ಡ್ ಎನ್ನುತ್ತಾರೆ. ದೊಡ್ಡ ಉಕ್ಕಿನ ಕಾರ್ಖಾನೆಯಿಂದ ಹಿಡಿದು ಬೀದಿ ಮೂಲೆಯ ಹಳೆಯ ಪೆಟ್ರೋಲ್ ಬಂಕ್, ಡ್ರೈಕ್ಲೀನಿಂಗ್ ಅಂಗಡಿಯವರೆಗೆ ಎಲ್ಲವೂ ಇದರಲ್ಲಿ ಸೇರುತ್ತವೆ. ಇಂಥ ಜಾಗಗಳು ನಾಲ್ಕೂವರೆ ಲಕ್ಷಕ್ಕೂ ಹೆಚ್ಚಿವೆ ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಅಂದಾಜು.

ಇವುಗಳಿಗೆ ಅನುದಾನ ಕೊಡುವ ಯೋಜನೆಯ ಇತಿಹಾಸ ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ನಗರದಿಂದ ಶುರುವಾಗುತ್ತದೆ. ಅಲ್ಲಿನ ಲವ್ ಕೆನಾಲ್ ಎಂಬ ಅರ್ಧ ತೋಡಿದ ಕಾಲುವೆಗೆ ಹೂಕರ್ ಕೆಮಿಕಲ್ ಕಂಪನಿ 1940ರ ದಶಕದಿಂದ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಸುರಿದು ಮಣ್ಣು ಮುಚ್ಚಿತು. 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ನೆಲದಡಿ ರಾಸಾಯನಿಕಗಳಿವೆ, ಮುಂದೆ ಏನಾದರೂ ಕಂಪನಿ ಹೊಣೆಯಲ್ಲ ಎಂದು ಕ್ರಯಪತ್ರದಲ್ಲೇ ಬರೆಸಿಕೊಂಡಿತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೂ ಬಂದವು. 1970ರ ದಶಕದಲ್ಲಿ ವಿಷ ಮನೆಗಳ ನೆಲಮಾಳಿಗೆಗೆ ಒಸರತೊಡಗಿತು. ತಾಯಂದಿರು ಬೀದಿಗಿಳಿದರು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು.

ಈ ದುರಂತದಿಂದ ಹುಟ್ಟಿದ್ದು 1980ರ ಡಿಸೆಂಬರ್‌ನ ಸೂಪರ್‌ಫಂಡ್ ಕಾನೂನು. ಕೆಡಿಸಿದವರೇ ಶುಚಿಗೊಳಿಸುವ ಖರ್ಚು ಕೊಡಬೇಕೆಂಬ ಅದರ ನಿಲುವು ನ್ಯಾಯವಾದದ್ದೇ. ಆದರೆ ಹೊಣೆ ಕೆಡಿಸಿದವರಿಗಷ್ಟೇ ನಿಲ್ಲದೆ ಜಾಗದ ಈಗಿನ ಮಾಲೀಕರಿಗೂ ತಗುಲುತ್ತಿತ್ತು. ಹಿಂದಿನ ಕಾಲದ ಕೃತ್ಯಗಳಿಗೂ ಅನ್ವಯಿಸುತ್ತಿತ್ತು. ಒಬ್ಬರ ಮೇಲೆಯೇ ಪೂರ್ತಿ ಖರ್ಚು ಬೀಳುವ ಸಾಧ್ಯತೆಯೂ ಇತ್ತು. ಹೀಗಾಗಿ ಕೊಳ್ಳುವವರು ಹಿಂದೆ ಸರಿದರು, ಬ್ಯಾಂಕುಗಳು ಸಾಲ ನಿರಾಕರಿಸಿದವು. ಹೊಸ ಉದ್ಯಮಗಳು ಊರಾಚೆಯ ಹೊಲಗದ್ದೆಗಳಿಗೆ ಹೋದವು. ಬಡವರು ವಾಸವಿದ್ದ ಹಳೆಯ ಕೈಗಾರಿಕಾ ಬಡಾವಣೆಗಳಿಗೆ ಕೆಲಸವೂ ಇಲ್ಲ, ತೆರಿಗೆ ಆದಾಯವೂ ಇಲ್ಲ ಎಂಬಂತಾಯಿತು. ಅಲ್ಪಸ್ವಲ್ಪ ಕೆಟ್ಟ ನೆಲವೂ, ಕೆಡದೇ ಇದ್ದ ನೆಲವೂ ಒಂದೇ ಭಯಕ್ಕೆ ಸಿಕ್ಕಿ ನರಳಿದವು.

ಇದಕ್ಕೆ ಉತ್ತರವಾಗಿ ಇಪಿಎ 1993ರಲ್ಲಿ ಒಂದು ಸಣ್ಣ ಪ್ರಯೋಗ ಮಾಡಿತು. ಕ್ಲೀವ್‌ಲ್ಯಾಂಡ್ ನಗರವಿರುವ ಓಹಾಯೋದ ಕೈಯಹೋಗ ಕೌಂಟಿಗೆ ಎರಡು ಲಕ್ಷ ಡಾಲರ್ ಪ್ರಾಯೋಗಿಕ ಅನುದಾನ ಕೊಟ್ಟಿತು. 1995ರಲ್ಲಿ ಸಂಸ್ಥೆಯ ಮುಖ್ಯಸ್ಥೆ ಕರೋಲ್ ಬ್ರೌನರ್ ಇದನ್ನು ರಾಷ್ಟ್ರೀಯ ಕಾರ್ಯಸೂಚಿಯಾಗಿ ವಿಸ್ತರಿಸಿದರು. ಸೂಪರ್‌ಫಂಡ್ ಅನುಮಾನದ ಪಟ್ಟಿಯಲ್ಲಿದ್ದ ಸುಮಾರು 25,000 ಜಾಗಗಳ ಹೆಸರನ್ನು ಅಲ್ಲಿಂದ ತೆಗೆಯಲಾಯಿತು.

ಅನುದಾನದ ಹಣದ ಬಹುಪಾಲು ಹೋದದ್ದು ಪರೀಕ್ಷೆಗೆ, ಮಣ್ಣು ತೆಗೆಯುವುದಕ್ಕಲ್ಲ. ಮೊದಲ ಹಂತದಲ್ಲಿ ಯಾರೂ ಗುದ್ದಲಿ ಮುಟ್ಟುವುದಿಲ್ಲ. ಪರಿಣತರು ಹಳೆಯ ದಾಖಲೆಗಳನ್ನು, ಅದರಲ್ಲೂ ಬೆಂಕಿ ವಿಮೆಗಾಗಿ ಸ್ಯಾನ್‌ಬಾರ್ನ್ ಕಂಪನಿ ತಯಾರಿಸಿದ್ದ ನಕ್ಷೆಗಳನ್ನು ಹರಡಿಕೊಂಡು ಕೂರುತ್ತಾರೆ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ, ಮರದ ಕಟ್ಟಡಕ್ಕೆ ಹಳದಿ ಬಣ್ಣ ಬಳಿದ ಆ ನಕ್ಷೆಗಳಲ್ಲಿ ಬಾಯ್ಲರ್ ಎಲ್ಲಿತ್ತು, ಎಣ್ಣೆಯ ತೊಟ್ಟಿ ಎಲ್ಲಿತ್ತು ಎಂಬುದೂ ಸಿಗುತ್ತದೆ. ಆಮೇಲೆ ಜಾಗದಲ್ಲಿ ಓಡಾಡಿ ನೋಡುತ್ತಾರೆ. ಗೋಡೆಯ ಪಕ್ಕದಲ್ಲಿ ಮೇಲೆದ್ದ ಒಂದು ಗಾಳಿಕೊಳವೆ ಕಂಡರೆ ಕೆಳಗೆ ಮರೆತುಹೋದ ಟ್ಯಾಂಕ್ ಇರಬಹುದು. ಅನುಮಾನ ಗಟ್ಟಿಯಾದರೆ ಎರಡನೇ ಹಂತ: ನೆಲ ಕೊರೆದು ಮಣ್ಣು, ನೀರಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುವುದು. ಎಷ್ಟು ಕೆಟ್ಟಿದೆ ಎಂಬುದು ಗೊತ್ತಾದರೆ ಖರ್ಚೂ ಗೊತ್ತಾಗುತ್ತದೆ. ಖರ್ಚು ಗೊತ್ತಾದ ಜಾಗಕ್ಕೆ ಸಾಲ ಸಿಗುತ್ತದೆ. ಈ ಯೋಜನೆಯ ನಿಜವಾದ ಜಾಣತನ ಇರುವುದು ಇಲ್ಲಿಯೇ.

2002ರ ಜನವರಿ 11ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಪೆನ್ಸಿಲ್ವೇನಿಯದ ಕಾನ್ಶೊಹಾಕನ್‌ನಲ್ಲಿ ಸಹಿ ಹಾಕಿದ ಕಾನೂನು ಇದಕ್ಕೆ ಭದ್ರ ಬುನಾದಿ ಹಾಕಿತು. ವರ್ಷಕ್ಕೆ 25 ಕೋಟಿ ಡಾಲರ್‌ವರೆಗೆ ಖರ್ಚಿಗೆ ಅನುಮತಿ ದೊರೆಯಿತು. ಪರೀಕ್ಷೆಗೆ, ಶುಚಿಗೊಳಿಸುವುದಕ್ಕೆ, ಸಾಲದ ಆವರ್ತ ನಿಧಿಗೆ ಬೇರೆ ಬೇರೆ ಅನುದಾನಗಳಾದವು. ಮಾಲಿನ್ಯಕ್ಕೆ ಹೊಣೆಯಾದವರಿಗೆ ಈ ಹಣ ಸಿಗದಂತೆ ನೋಡಿಕೊಂಡರು. ಕೊಳ್ಳುವ ಮುನ್ನ ಸರಿಯಾಗಿ ವಿಚಾರಿಸಿ, ಕೊಂಡ ಮೇಲೆ ಎಚ್ಚರ ವಹಿಸಿದವರಿಗೆ ಹಳೆಯ ಹೊಣೆಯಿಂದ ರಕ್ಷಣೆ ಕೊಟ್ಟರು. 2018ರಲ್ಲಿ ಶುಚಿ ಅನುದಾನದ ಮಿತಿ ಎರಡು ಲಕ್ಷದಿಂದ ಐದು ಲಕ್ಷ ಡಾಲರಿಗೆ ಏರಿತು.

ಹಾಗೆಂದು ಫಲ ಎಲ್ಲ ಊರಿಗೂ ಒಂದೇ ಸಮನಾಗಿ ಸಿಕ್ಕಿಲ್ಲ. ಭೂಮಿಗೆ ಬೆಲೆಯಿರುವ ನಗರಗಳಲ್ಲಿ ಖಾಸಗಿ ಹಣ ಬೇಗ ಹಿಂಬಾಲಿಸಿತು. ಶುಚಿಯಾದ ನೆಲದ ಸುತ್ತ ಬಾಡಿಗೆ ಏರಿ ಹಳೆಯ ನಿವಾಸಿಗಳೇ ಜಾಗ ಬಿಡಬೇಕಾಗುತ್ತದೆ ಎಂಬ ದೂರೂ ಇದೆ. ಸಣ್ಣ ಊರುಗಳಿಗೆ ಕಷ್ಟವೇ ಬೇರೆ. ಶುಚಿ ಅನುದಾನಕ್ಕೆ ಶೇ 20ರಷ್ಟು ಸ್ಥಳೀಯ ಪಾಲು ಸೇರಿಸಬೇಕಿತ್ತು, ಖಜಾನೆ ಬರಿದಾದ ಊರು ಅದನ್ನು ಎಲ್ಲಿಂದ ತರಬೇಕು? 2021ರ ಮೂಲಸೌಕರ್ಯ ಕಾನೂನು ಐದು ವರ್ಷಕ್ಕೆ 150 ಕೋಟಿ ಡಾಲರ್ ಒದಗಿಸಿ, ಆ ಹಣದ ಮಟ್ಟಿಗೆ ಪಾಲಿನ ಷರತ್ತನ್ನು ಕೈಬಿಟ್ಟಿತು. ಈ ವಿನಾಯಿತಿ ಶಾಶ್ವತವಾಗಬೇಕು. ವಿಷ ಉಳಿಸಿಹೋದ ಕಾರ್ಖಾನೆಯಿಂದ ಕೆಲಸವನ್ನೂ ಕಳೆದುಕೊಂಡ ಊರಿನಿಂದ ಮತ್ತೆ ಪಾಲು ಕೇಳುವುದು ನ್ಯಾಯವಲ್ಲ.